ಬಲಗಣ್ಣಿಗೆ ಕಂಡ ಶರಬತ್ತು

ಕಲಬುರಗಿ, ಬುಧವಾರ

ತಂಗಿ ಅನ್ನಮ್ಮ,

ಬಲಗಣ್ಣಿನ ಪೊರೆ ತೆಗೆದರು. ನಿನ್ನೆ ಪಟ್ಟಿಯೂ ಬಿಚ್ಚಿದರು. ಮಗಳ ಮನೆಗೆ ಬಂದರೆ, ಪಕ್ಕದ ಮನೆಯ ಬಿಲ್ಕೀಸ್ ದಾಸವಾಳದ ಎಸಳು, ಪುದೀನ ಬಿಸಿನೀರಲ್ಲಿ ನೆನೆಸಿ, ಆರಿದ ಮೇಲೆ ಸಕ್ಕರೆ ಕದಡಿ ನಿಂಬೆ ಹಿಂಡಿದಳು. ಶರಬತ್ತು ಕುಂಕುಮದಷ್ಟು ಕೆಂಪಾಯಿತು! "ಬಣ್ಣದ ಪುಡಿ ಯಾಕ ಹಾಕಿದಿ?" ಎಂದು ಜಗಳಕ್ಕೇ ನಿಂತೆ.

"ಹೂವಿಂದೇ ಬಣ್ಣ ಅದ ರೀ ಅಮ್ಮಾ. ಬಲಗಣ್ಣು ಮುಚ್ಚಿ ನೋಡ್ರಿ," ಎಂದು ನಕ್ಕಳು.

ಮುಚ್ಚಿದೆ. ಪೊರೆ ಇರುವ ಎಡಗಣ್ಣಿಗೆ ಬರೀ ಚಹಾ ಬಣ್ಣ! ತಪ್ಪಾಯಿತೆಂದು ಎರಡು ಲೋಟ ಕುಡಿದೆ.

ನೋವಿಲ್ಲ. ದಿನಕ್ಕೆ ನಾಲ್ಕು ಸಲ ಹನಿ ಔಷಧ. ಭಾನುವಾರ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಬರುತ್ತೇನೆ. ಅವತ್ತೊಂದು ದಿನ ಹಿತ್ತಲಿನ ದಾಸವಾಳವನ್ನು ದೇವರಿಗೂ ಕೀಳಬೇಡ. ಮೊದಲು ನಾನು ನೋಡಬೇಕು.

ನಿನ್ನ ಅಕ್ಕ,
ಕಸ್ತೂರಿ