ಜಮಖಾನದ ಮೇಲಿನ ಬೂದಿ

ಮೊಳಕಾಲ್ಮೂರು, ಜುಲೈ ೧೪, ಸೋಮವಾರ

ಬೆಳಗ್ಗೆ ಮಕ್ಕಳು ಮಲಗುವ ಹಳೇ ಜಮಖಾನ ಕೊಡವಿದಾಗ ಮತ್ತೆ ಬೂದಿ ಉದುರಿತು. ಮೂರನೇ ಸಲ. ನನ್ನ ಡೇಕೇರ್ ಮುಚ್ಚಿಸಲು ಯಾರೋ ಮಾಟ ಮಾಡಿಸಿದ್ದಾರೆ ಅನ್ನಿಸಿತು. ಒಳಗೆಲ್ಲ ಓಡಾಡುವವಳು ಕೆಲಸದ ಯರ್ರಮ್ಮ ಒಬ್ಬಳೇ. ಕೇಳಿಯೇಬಿಟ್ಟೆ.

“ನನ್ ಮಕ್ಳಾಣೆ, ನಂಗೇನೂ ಗೊತ್ತಿಲ್ಲ ಕಣಕ್ಕ” ಎಂದು ಅತ್ತಳು. ನಂಬದೆ ಮನೆಗೆ ಕಳಿಸಿದೆ.

ಮಧ್ಯಾಹ್ನ ಮಕ್ಕಳ ಪಕ್ಕದಲ್ಲೇ ಮಲಗಿ, ನಿದ್ದೆ ಬಂದವಳಂತೆ ನಟಿಸಿದೆ. ರೇಷ್ಮೆ ಮಗ್ಗದಲ್ಲಿ ಎಳೆ ಜೋಡಿಸುವ ನಾಗರತ್ನಳ ಮಗಳು, ನಾಲ್ಕು ವರ್ಷದ ಕಾಂಚನಾ, ಮೆಲ್ಲಗೆ ಎದ್ದಳು. ದೇವರ ಗೂಡಿನ ಊದುಬತ್ತಿ ಬೂದಿಯನ್ನು ಎಳೆ ಜಾರದಿರಲೆಂದು ಮಗ್ಗದಲ್ಲಿ ಅವ್ವ ಮಾಡುವ ಹಾಗೆಯೇ ಬೆರಳಿಗೆ ಹಚ್ಚಿಕೊಂಡು, ಜಮಖಾನದ ಕಿತ್ತ ಎಳೆಗಳನ್ನು ಹೊಸೆಯತೊಡಗಿದಳು.

“ಏನೇ ಅದು?”

“ಎಳೆ ಕಿತ್ತೈತೆ ಆಂಟಿ, ಕೂಡಿಸ್ತಿದೀನಿ.”

ಆಗಲೂ ಅನುಮಾನದಿಂದ, ಅವಳು ಕೂಡಿಸಿದ ಎಳೆಯನ್ನು ಎಳೆದು ನೋಡಿದೆ. ಹೊಸೆದದ್ದು ಬಿಚ್ಚಲಿಲ್ಲ.

ಹೊಸ ಜಮಖಾನ ನಾಳೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಯರ್ರಮ್ಮನ ಬಾಗಿಲಲ್ಲಿ ನಿಂತು ಮೊದಲು ಏನೆಂದು ಹೇಳಲಿ…