ಕೊರಳಿಗೆ ಕಟ್ಟುವ ಬಟ್ಟೆ

ಮಕ್ಕಳ ವಾರ್ಡ್, ದೆಹಲಿ
ಫೆಬ್ರವರಿ 11, ಬುಧವಾರ

ಪ್ರೀತಿಯ ಅಮ್ಮ,

ಇಲ್ಲಿ ನಾವು ಮೂವರೂ ಕ್ಷೇಮ. ಈ ಸಲ ಹಾಗೆ ಬರೆಯಲು ಹಿಂಜರಿಕೆಯಾಗಲಿಲ್ಲ.

ಫೋನಿನಲ್ಲಿ ಅದಿತಿಯ ಕೊರಳಿನ ಮಾತು ಬಂದರೆ ಸಾಕು, ನೀನು ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಡುತ್ತೀಯ. ಅಪ್ಪ ‘ಅಲ್ಲಿ ಚಳಿ ಹೇಗಿದೆ?’ ಎಂದು ಕೇಳುತ್ತಾರೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಇದನ್ನು ಯಾರ ಕೈಗೂ ದಾಟಿಸಬೇಡ, ನೀನೇ ಪೂರ್ತಿ ಓದು.

ನಿನ್ನ ಮೊಮ್ಮಗಳಿಗೆ ಹುಟ್ಟುವಾಗ ಅನ್ನನಾಳ ಪೂರ್ತಿ ಇರಲಿಲ್ಲ. ಮೇಲಿನ ತುಂಡು ಎದೆಯ ಮೇಲ್ಭಾಗದಲ್ಲೇ ನಿಂತುಹೋಗಿತ್ತು, ಕೆಳಗಿನದು ಹೊಟ್ಟೆಯ ಹತ್ತಿರ ಮೋಟಾಗಿ ಇತ್ತು. ಎಳೆದು ಜೋಡಿಸಲಾರದಷ್ಟು ಅಂತರ. ಹಾಗಾಗಿ ಮೇಲಿನ ತುದಿಯನ್ನು ಕೊರಳ ಪಕ್ಕದಲ್ಲಿ ಹೊರಗೆ ತೆರೆದುಬಿಟ್ಟರು, ಹಾಲಿಗೆಂದು ನೇರ ಹೊಟ್ಟೆಗೆ ನಳಿಕೆ ಹಾಕಿದರು. ಇಷ್ಟು ನಿನಗೆ ಗೊತ್ತು. ನಳಿಕೆ ಇದ್ದರೂ ನಾನು ಬಾಯಿಗೆ ಯಾಕೆ ಕೊಡುತ್ತಿದ್ದೆ ಎಂಬುದನ್ನು ಮಾತ್ರ ನೀನು ಕೇಳಿಸಿಕೊಳ್ಳದೆ ಹೊರಟುಹೋದೆ.

ಡಾಕ್ಟರ್ ಮೇಡಂ ಮೊದಲೇ ಹೇಳಿದ್ದರು. ಮಗುವಿಗೆ ವರ್ಷ ತುಂಬಿದ ಮೇಲೆ ಜಠರವನ್ನೇ ಎದೆಯೊಳಗಿಂದ ಮೇಲಕ್ಕೆಳೆದು ಕೊರಳಲ್ಲಿ ಜೋಡಿಸುತ್ತಾರೆ. ಅಷ್ಟರವರೆಗೆ ಬಾಯಿಗೆ ಏನೂ ಹಾಕದಿದ್ದರೆ ಮಗು ನುಂಗುವುದನ್ನೇ ಕಲಿಯುವುದಿಲ್ಲ. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಬಾಯಿ ಬಿಗಿ ಹಿಡಿದು ಕೂರುತ್ತದೆ, ಆಮೇಲೆ ವರ್ಷಗಟ್ಟಲೆ ನಳಿಕೆಯೇ ಗತಿ. ‘ಜೋಡಿಸೋದು ನಾವು, ತಿನ್ನೋದು ಕಲಿಸಬೇಕಾದೋರು ನೀವು’ ಎಂದರು.

ಆದ್ದರಿಂದ ಪ್ರತಿ ಸಲವೂ ಮೊದಲು ಕೊರಳಿಗೆ ಬಟ್ಟೆ ಕಟ್ಟುವುದು, ಬಾಯಿಗೆ ಒಂದೊಂದೇ ಚಮಚ ಕೊಡುವುದು, ಅದೇ ಹೊತ್ತಿಗೆ ನಳಿಕೆಯಲ್ಲೂ ಹಾಲು ಬಿಡುವುದು. ಬಾಯಿಯ ರುಚಿಗೂ ಹೊಟ್ಟೆ ತುಂಬುವುದಕ್ಕೂ ನಂಟಿದೆ ಎಂದು ಮಗುವಿಗೆ ತಿಳಿಯಬೇಕಲ್ಲ. ಬಾಯಿಗೆ ಹಾಕಿದ್ದೆಲ್ಲ ಕೊರಳಿನಿಂದ ಬಟ್ಟೆಗೆ ಇಳಿಯುತ್ತಿತ್ತು. ನೀನು ತಂದ ರಾಗಿ ಹಿಟ್ಟಿನ ಸರಿ ಹಾಗೆ ಇಳಿದದ್ದನ್ನು ನೋಡಿಯೇ ನೀನು ಬಾತ್‌ರೂಮಿಗೆ ಓಡಿದ್ದು. ವಾರ ತುಂಬುವ ಮೊದಲೇ ರೈಲು ಹತ್ತಿದೆ. ಹೋಗುವಾಗ ನಿನ್ನ ಚುಕ್ಕಿ ಸೀರೆಯನ್ನು ಬಟ್ಟೆಗಿರಲಿ ಎಂದು ಮಂಚದ ಮೇಲೆ ಬಿಟ್ಟುಹೋಗಿದ್ದೆ. ಅದನ್ನೇ ಹರಿದು ತುಂಡು ಮಾಡಿಕೊಂಡೆ, ಅಂದಿನಿಂದ ಕಟ್ಟಿದ್ದೆಲ್ಲ ಅದನ್ನೇ.

ನಿನ್ನೊಬ್ಬಳನ್ನು ಅನ್ನುವುದಿಲ್ಲ. ಪಕ್ಕದ ಫ್ಲ್ಯಾಟಿನ ಭಾಭಿ, ‘ಬೇಟಾ, ಗಿರಾನಾ ಹೀ ಹೈ ತೋ ಖಿಲಾನಾ ಕ್ಯೂಂ?’ ಅಂದರು. ಚೆಲ್ಲುವುದೇ ಆದರೆ ತಿನ್ನಿಸುವುದು ಯಾಕೆ ಅಂತ. ಆಮೇಲೆ ಅವರು ಊಟದ ಹೊತ್ತು ತಪ್ಪಿಸಿ ಬರತೊಡಗಿದರು, ಕ್ರಮೇಣ ಬರುವುದನ್ನೇ ಬಿಟ್ಟರು. ನಿನ್ನ ಅಳಿಯ ಪವನ್ ಆಫೀಸಿನಿಂದ ಬಂದವರು ನಾನು ಬಟ್ಟೆ ಕಟ್ಟುವುದನ್ನು ಕಂಡ ಕೂಡಲೇ ‘ಚಲೋ, ತರಕಾರಿ ತರ್ತೀನಿ’ ಎಂದು ಕೆಳಗಿಳಿಯುತ್ತಿದ್ದರು. ಮನೆಯಲ್ಲಿ ಎಷ್ಟು ಬೀನ್ಸ್ ಕೊಳೆತಿದೆಯೋ! ಬೇರೆ ಮನೆಗಳಲ್ಲಿ ಮಗು ಉಣ್ಣುವಾಗ ಎಲ್ಲರೂ ಸುತ್ತ ಸೇರುತ್ತಾರೆ. ನಮ್ಮಲ್ಲಿ ಎದ್ದುಹೋಗುತ್ತಿದ್ದರು. ಅದಿತಿ ಮಾತ್ರ ಪ್ರತಿ ಚಮಚಕ್ಕೂ ನನ್ನ ಮುಖ ನೋಡಿ ನಗುತ್ತಿದ್ದಳು. ಹಾಗಾಗಿ ನಾನೂ ನಗಬೇಕಾಗುತ್ತಿತ್ತು.

ಜನವರಿಯಲ್ಲಿ ಆಪರೇಷನ್ ಆಯಿತು. ಯಶಸ್ವಿ ಎಂದು ತಿಳಿದ ದಿನ ಪವನ್ ಮನೆಗೆ ಹೋಗಿ, ‘ಇನ್ನು ಈ ಪೀಡೆ ಬೇಡ’ ಎಂದು ಆ ಬಟ್ಟೆಗಳನ್ನೆಲ್ಲ ಕವರಿಗೆ ತುಂಬಿ ಕಸದ ಭಯ್ಯಾಗೆ ಕೊಟ್ಟುಬಿಟ್ಟರು. ಫೋನಿನಲ್ಲಿ ಹೇಳಿದಾಗ ನಾನೂ ಖುಷಿಯಿಂದ ಹೂಂ ಅಂದೆ.

ಬಣ್ಣದ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದರು. ಜೋಡಿಸಿದ ಜಾಗದಲ್ಲಿ ಸೋರಿಕೆ ಇರಲಿಲ್ಲ. ಇನ್ನು ಬಾಯಿಗೆ ಕೊಡಿ ಅಂದರು. ಕೊಟ್ಟರೆ ಅದಿತಿ ಮುಖ ತಿರುಗಿಸಿದಳು. ಬೇಳೆಕಟ್ಟು, ಬಾಳೆಹಣ್ಣು, ಯಾವುದಕ್ಕೂ ತುಟಿ ಬಿಚ್ಚಲಿಲ್ಲ. ಮಾರನೆಯ ದಿನವೂ ಅಷ್ಟೆ, ಅದರ ಮಾರನೆಯ ದಿನವೂ ಅಷ್ಟೆ. ಸದ್ಯಕ್ಕೆ, ಆಪರೇಷನ್ನಿನಲ್ಲಿ ಹೊಟ್ಟೆಯದರ ಬದಲು ಕರುಳಿಗೆ ಹಾಕಿದ್ದ ನಳಿಕೆಯ ಜೊತೆಗೇ ಮನೆಗೆ ಕಳಿಸುವ ಮಾತು ಶುರುವಾಯಿತು. ಇಡೀ ವರ್ಷ ನಾನು ಚೆಲ್ಲಿದ್ದು ನಿಜವಾಗಿಯೂ ಚೆಲ್ಲಿದ್ದೇ ಆಯಿತಲ್ಲ ಎಂದುಕೊಂಡೆ. ಭಾಭಿಯ ಮಾತು ಕಿವಿಯಲ್ಲೇ ಇತ್ತು.

ನಿನ್ನೆ ರಾಗಿ ಸರಿ ಮಾಡಿ ತಂದಿದ್ದೆ. ಚಮಚಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದೆ. ಅದು ಚುಕ್ಕಿ ಸೀರೆಯ ತುಂಡು, ಹೇಗೋ ಉಳಿದುಕೊಂಡದ್ದು. ಅದನ್ನು ಕಂಡದ್ದೇ ಅದಿತಿ ಗದ್ದ ಮೇಲೆತ್ತಿ ಕೂತಳು, ಕಟ್ಟು ಎನ್ನುವ ಹಾಗೆ. ಆಗ ನನಗೆ ಹೊಳೆಯಿತು. ಅವಳು ಹುಟ್ಟಿದಾಗಿನಿಂದ ಬಟ್ಟೆ ಕಟ್ಟದೆ ಒಂದು ಊಟವನ್ನೂ ಮಾಡಿದವಳಲ್ಲ. ಸಿಸ್ಟರ್ ‘ದೀದಿ, ಡ್ರೆಸಿಂಗ್ ಹೈ, ಕಪಡಾ ಮತ್ ಬಾಂಧೋ’ ಎಂದು ಓಡಿಬಂದರು, ಗಾಯಕ್ಕೆ ಪಟ್ಟಿ ಇದೆ, ಬಟ್ಟೆ ಕಟ್ಟಬೇಡಿ ಅಂತ. ಗಾಯಕ್ಕೆ ತಾಗದ ಹಾಗೆ ಎದೆಯ ಮೇಲೆ ಹರಡಿ, ತುದಿಗಳನ್ನು ಭುಜದ ಹಿಂದೆ ಸಡಿಲವಾಗಿ ಗಂಟು ಹಾಕಿ ತೋರಿಸಿದೆ. ‘ಅಚ್ಛಾ, ದೇಖ್ತೇ ಹೈಂ’, ನೋಡೋಣ ಎಂದು ಅಲ್ಲೇ ನಿಂತರು.

ಅದಿತಿ ಬಾಯಿ ತೆರೆದಳು.

ಚಮಚ ಕೊಟ್ಟ ಮೇಲೆ ನನ್ನ ಕಣ್ಣು ಅಭ್ಯಾಸದಂತೆ ಬಟ್ಟೆಗೇ ಹೋಯಿತು. ಕಾದೆ. ಇನ್ನೊಂದು ಚಮಚ ಕೊಟ್ಟೆ, ಮತ್ತೆ ಕಾದೆ. ಏನೂ ಇಳಿಯಲಿಲ್ಲ. ಸಿಸ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟಾಗ ನಾನು ಅಳುತ್ತಿದ್ದೆನೆಂದು ಗೊತ್ತಾಯಿತು.

ಮುಂದೆ ಜೋಡಿಸಿದ ಜಾಗ ಕಿರಿದಾದರೆ ಹಿಗ್ಗಿಸಬೇಕಾಗಬಹುದಂತೆ. ಸ್ವಲ್ಪ ಸ್ವಲ್ಪವೇ ಕೊಡಬೇಕು, ತಿಂದ ಮೇಲೆ ಮಲಗಿಸದೆ ನೆಟ್ಟಗೆ ಎತ್ತಿಕೊಂಡು ಕೂರಬೇಕು. ಈಗಲೂ ಹಾಗೇ ಕೂತಿದ್ದೇನೆ, ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಅಪ್ಪನಿಗೆ ಹೇಳು, ಚಳಿ ಕಡಿಮೆಯಾಗಿದೆ.

ನಿನ್ನ
ಅಮಿತಾ

ತಾ.ಕ.: ಉಳಿದಿರುವುದು ಆ ಒಂದೇ ತುಂಡು. ಒಗೆದು ಹಾಕಿದರೆ ಅದು ಒಣಗುವವರೆಗೆ ಮಹಾರಾಣಿ ಬಾಯಿ ತೆರೆಯುವುದಿಲ್ಲ. ಬೇರೆ ಬಟ್ಟೆ ಕಟ್ಟಿ ನೋಡಿದೆ, ಕಿತ್ತು ಬಿಸಾಡಿದಳು. ಆ ಜೊತೆಯ ಇನ್ನೊಂದು ಚುಕ್ಕಿ ಸೀರೆ ನಿನ್ನ ಬೀರುವಿನಲ್ಲಿ ಇದೆಯಲ್ಲ, ಅದು ಬೇಕು. ಪೋಸ್ಟಿನಲ್ಲಿ ಕಳಿಸಬೇಡ, ನೀನೇ ತಾ. ಅವಳು ತಿನ್ನುವಾಗ ಈಗ ಎದುರಿಗೆ ಕೂರಬಹುದು, ಅಮ್ಮ.