ಪದ್ಮಶ್ರೀ ಕಂಡ ಹಾಲಿನ ಲಾರಿ

ನವೆಂಬರ್ ೧೪, ಶುಕ್ರವಾರ

ಆಫೀಸಲ್ಲಿ ನನ್ನ ಜೊತೆ ಕೆಲಸ ಮಾಡೋ ಪದ್ಮಶ್ರೀ ನಗು ಕಣ್ಮುಂದಿಂದ ಹೋಗ್ತಾನೇ ಇಲ್ಲ. ಸಂಜೆ ಆದ್ರೆ ನಮ್ಮ ಹಾಲು ಕಂಪ್ನಿ ಸರ್ವರ್ ಮಲಗುತ್ತೆ, ಹೊಸದು ಬೇಕು ಅಂತ ವರ್ಷದಿಂದ ಬಡ್ಕೊಂಡವನು ನಾನು. ಇವತ್ತು ಮೀಟಿಂಗಲ್ಲಿ ಅವಳು ಸರ್ವರ್ ಲೋಡಿನ ಗ್ರಾಫ್ ಪಕ್ಕ ಹಾಲಿನ ಲಾರಿಗಳ ಟೈಮ್ ಇಟ್ಟು ತೋರಿಸಿದಳು. ಲಾರಿ ಬಂದ ಮೇಲೇ ಊರೂರಿನ ಡೈರಿಯವರು ಲೆಕ್ಕ ಕಳಿಸೋದಂತೆ, ಎಲ್ಲಾ ಒಂದೇ ಹೊತ್ತಿಗೆ ಬಂದು ಬೀಳುತ್ತಂತೆ. ಭೇರ್ಯ, ಕಂಪಲಾಪುರದಂಥ ಊರುಗಳ ಲಾರಿಗಳನ್ನ ಬೇರೆ ಬೇರೆ ಹೊತ್ತಿಗೆ ಬಿಟ್ರೆ ಇರೋ ಸರ್ವರ್ರೇ ಸಾಕಂತೆ.

"ತಲೆ ಅಂದ್ರೆ ಇದು ಕಣ್ರೀ" ಅಂದ್ರು ಮ್ಯಾನೇಜರ್, ನನ್ನನ್ನೇ ನೋಡ್ಕೊಂಡು.

ಅವಳು ಮೈಸೂರಿನೋಳು. ಭೇರ್ಯದಲ್ಲಿ ಹುಟ್ಟಿದವನು ನಾನು! "ಲಾರಿ ಬಂತು ಕಣ್ಲಾ, ಓಡು" ಅಂತ ಅವ್ವ ದಿನಾ ಸಂಜೆ ಹಾಲಿನ ಕ್ಯಾನ್ ಕೈಗೆ ಕೊಡ್ತಿದ್ಲು.

ಸೋಮವಾರದಿಂದ ಲಾರಿ ಟೈಮ್ ಬದಲು. ಆಗಲೂ ಸರ್ವರ್ ಮಲಗ್ಲಿ ದೇವ್ರೇ ಅಂತ ಕೈ ಮುಗಿದೆ. ಆಮೇಲೆ ಹೊಳೀತು, ಮಲಗಿದ್ರೆ ಹೋಗಿ ಎಬ್ಬಿಸ್ಬೇಕಾದವನೂ ನಾನೇ.